ನಾಜಲ್ ಬದಲಾವಣೆ: ನಂಬಿಕೆ ಎಷ್ಟು, ವಿಜ್ಞಾನ ಎಷ್ಟು?

ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಹದಿನೈದು-ಇಪ್ಪತ್ತು ವರ್ಷ ಹಳೆಯ ಡೀಸೆಲ್ ಕಾರು ಇದೆಯೆ? ಇದ್ದರೆ ಈ ಸಲಹೆ ನಿಮ್ಮ ಕಿವಿಗೂ ಬಿದ್ದಿರಬೇಕು: ‘ಗಾಡಿ ಎಳೀತಾ ಇಲ್ವಾ? ನಾಜಲ್ ಬದಲಾಯಿಸಿ. ಸ್ವಲ್ಪ ದೊಡ್ಡ ತೂತಿನದು ಹಾಕಿಸಿ. ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ.’ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಹಳೆಯ ಡೀಸೆಲ್ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರು ಈಗಲೂ ಇದ್ದಾರೆ. ನಾಲ್ಕು ಸಣ್ಣ ಬಿಡಿಭಾಗಗಳಿಗೆ ಹಣ ಕೊಟ್ಟರೆ ಕಾರಿಗೆ ಯೌವನ ಮರಳುತ್ತದೆ ಎಂದರೆ ಯಾರಿಗೆ ಆಸೆಯಾಗದು?

ಈ ಲೇಖನ ಆ ಸಲಹೆಯ ವಿಮರ್ಶೆ. ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವಂತೆ ಒಂದು ತಾಂತ್ರಿಕ ರೂಢಿಯನ್ನೂ ವಿಮರ್ಶಿಸಬಹುದು. ಅದರಲ್ಲಿ ಸತ್ಯ ಎಷ್ಟಿದೆ, ಅದಕ್ಕೆ ಸಿಕ್ಕ ಪುರಾವೆ ಎಂಥದು, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಬಹುದು. ಇದಕ್ಕೆ ಬೇಕಾದ ಗಣಿತ ಮತ್ತು ಭೌತವಿಜ್ಞಾನ ಪ್ರೌಢಶಾಲೆ, ಪಿಯುಸಿ ಮಟ್ಟದ್ದೇ. ಕಾಗದ, ಪೆನ್ಸಿಲ್ ಹಿಡಿದು ಓದಿದರೆ ಇನ್ನೂ ಒಳ್ಳೆಯದು.

ನಾಜಲ್ ಎಂಬ ಸೂಸುಬಾಯಿ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಸುಮಾರು 20ನೇ ಒಂದು ಭಾಗಕ್ಕೆ ಒತ್ತುತ್ತದೆ. ಆಗ ಗಾಳಿಯ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆ ಕಾದ ಗಾಳಿಯೊಳಕ್ಕೆ ಡೀಸೆಲನ್ನು ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಉಪಕರಣ ಇಂಜೆಕ್ಟರ್. ಅದರ ತುದಿಯ ಸೂಸುಬಾಯಿಯೇ ನಾಜಲ್. ನಾಜಲ್‌ನ ಒಳಗೆ ಒಂದು ಉಕ್ಕಿನ ಸೂಜಿ ಇದೆ. ಸ್ಪ್ರಿಂಗ್ ಅದನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಪಂಪ್ ಕಳಿಸಿದ ಡೀಸೆಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಸೂಜಿ ಮೇಲೆದ್ದು ದಾರಿ ಬಿಡುತ್ತದೆ. ಸೂಜಿಗೂ ಅದರ ಕವಚಕ್ಕೂ ನಡುವಿನ ಅಂತರ ಕೆಲವೇ ಮೈಕ್ರಾನ್. ಹೋಲಿಕೆಗೆ ಹೇಳುವುದಾದರೆ ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.

ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಒಳಕ್ಕೆ ಊದಲು ಸಂಪೀಡಿತ ಗಾಳಿ ಬೇಕಿತ್ತು. ಅದಕ್ಕಾಗಿ ಭಾರವಾದ ಸಂಪೀಡಕ ಯಂತ್ರವೂ ಬೇಕಿತ್ತು. 1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಇಂಧನ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನ್ ವಾಹನಗಳೊಳಗೆ ಸುಲಭವಾಗಿ ಕೂರುವಂತಾಯಿತು. ಈ ಕಥೆಯ ಭಾರತೀಯ ಅಧ್ಯಾಯ ಬಹುಮಟ್ಟಿಗೆ ನಮ್ಮ ದಕ್ಷಿಣ ಬೆಂಗಳೂರಿನದೇ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೋ, ಆಡುಗೋಡಿಯಲ್ಲಿ ನೆಲೆನಿಂತಿತು. ಅದರ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು. ಆದರೆ ಬಿಟಿಎಂ ಬಡಾವಣೆಯ ಮೈಕೋ ಲೇಔಟ್ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಮೈಕ್ರಾನ್ ಲೆಕ್ಕದ ಕುಸುರಿ ಕೆಲಸ ಇಲ್ಲಿನ ಅನೇಕ ಕುಟುಂಬಗಳ ಜೀವನೋಪಾಯವಾಗಿತ್ತು. ಆ ನೆರೆಹೊರೆಯಲ್ಲೇ ‘ದೊಡ್ಡ ತೂತು, ಹೆಚ್ಚು ಶಕ್ತಿ’ ಎಂಬ ಮಾತು ವಿಮರ್ಶೆ ಇಲ್ಲದೆ ಚಲಾವಣೆಯಾಗಬಾರದು.

ಒಂದು ಹನಿಗಿಂತ ಕಡಿಮೆ

ಒಮ್ಮೆ ಸಿಂಪಡಿಸುವ ಡೀಸೆಲ್ ಎಷ್ಟು? ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರಿನ ಕಾರೊಂದು ಗಂಟೆಗೆ 60 ಕಿಮೀ ವೇಗದಲ್ಲಿ ಹೋಗುತ್ತಿದೆ, ಲೀಟರಿಗೆ 18 ಕಿಮೀ ಕೊಡುತ್ತಿದೆ, ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಗಂಟೆಗೆ ಖರ್ಚಾಗುವ ಡೀಸೆಲ್ 3.33 ಲೀಟರ್. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಇಂಧನ. ಹಾಗಾಗಿ ಗಂಟೆಗೆ 4 × 1000 × 60, ಅಂದರೆ 2,40,000 ಸಿಂಪಡಿಕೆಗಳು. ಭಾಗಿಸಿದರೆ ಒಂದು ಸಿಂಪಡಿಕೆಗೆ ಸುಮಾರು 14 ಘನ ಮಿಮೀ. ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಒಂದು ಹನಿ ಸುಮಾರು 50 ಘನ ಮಿಮೀ ಇರುತ್ತದೆ. ಒಂದು ಹನಿಯ ಮೂರನೇ ಒಂದು ಭಾಗವೂ ಇಲ್ಲ!

ಇದಕ್ಕೆ ಸಿಗುವ ಕಾಲ? ನಿಮಿಷಕ್ಕೆ 2000 ಸುತ್ತಿನಲ್ಲಿ ಒಂದು ಡಿಗ್ರಿ ತಿರುಗಲು ಸೆಕೆಂಡಿನ 12,000ದಲ್ಲಿ ಒಂದು ಭಾಗ ಸಾಕು. ಸಿಂಪಡಿಕೆ 20 ಡಿಗ್ರಿಯಷ್ಟು ನಡೆದರೂ ಸೆಕೆಂಡಿನ 600ರಲ್ಲಿ ಒಂದು ಭಾಗದೊಳಗೆ ಮುಗಿಯಬೇಕು.

ಈ ಅಲ್ಪ ಕಾಲದಲ್ಲಿ ಡೀಸೆಲ್ ಆವಿಯಾಗಿ ಗಾಳಿಯೊಡನೆ ಬೆರೆತು ಉರಿಯಬೇಕು. ಉರಿಯುವುದು ದ್ರವವಲ್ಲ, ಅದರ ಆವಿ. ಆವಿ ಹುಟ್ಟುವುದು ಮೇಲ್ಮೈಯಲ್ಲಿ. 14 ಘನ ಮಿಮೀ ಡೀಸೆಲ್ ಒಂದೇ ಗೋಳವಾಗಿದ್ದರೆ ಅದರ ವ್ಯಾಸ ಸುಮಾರು 3 ಮಿಮೀ, ಮೇಲ್ಮೈ ಸುಮಾರು 28 ಚದರ ಮಿಮೀ. ಅದನ್ನೇ 20 ಮೈಕ್ರಾನ್ ವ್ಯಾಸದ ತುಂತುರಾಗಿ ಒಡೆದರೆ ಒಟ್ಟು ಮೇಲ್ಮೈ ಸುಮಾರು 4200 ಚದರ ಮಿಮೀ. ಅಂದರೆ 150 ಪಟ್ಟು ಹೆಚ್ಚು. ನಾಜಲ್‌ನ ನಿಜವಾದ ಕೆಲಸ ಇದು. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಡೀಸೆಲಿಗೆ ಮೇಲ್ಮೈಯನ್ನು ಒದಗಿಸುತ್ತದೆ.

ಯಾವ ನಾಜಲ್? ಮೊದಲು ಕೇಳಬೇಕಾದ ಪ್ರಶ್ನೆ

ಹಳೆಯ ಡೀಸೆಲ್ ಕಾರುಗಳೆಲ್ಲ ಒಂದೇ ಬಗೆಯವಲ್ಲ. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಟೊಯೊಟಾ ಕ್ವಾಲಿಸ್, 1998ರ ಕೊನೆಯಲ್ಲಿ ಬಿಡುಗಡೆಯಾದ ಟಾಟಾ ಇಂಡಿಕಾದ ಮೊದಲ ಡೀಸೆಲ್ ಮಾದರಿ, ಡೀಸೆಲ್ ಅಂಬಾಸಿಡರ್ ಇವೆಲ್ಲ ಪರೋಕ್ಷ ಸಿಂಪಡಿಕೆಯ ಎಂಜಿನ್‌ಗಳು. ಇವುಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವುದಿಲ್ಲ. ಪಕ್ಕದ ಒಂದು ಪುಟ್ಟ ಕೋಣೆಯಲ್ಲಿ ಸುಳಿಯುವ ಗಾಳಿಯೊಳಕ್ಕೆ ಬೀಳುತ್ತದೆ. ಇಲ್ಲಿ ಬಳಸುವುದು ಒಂದೇ ಬಾಯಿಯ, ಆ ಬಾಯಿಯೊಳಗೆ ಚಾಚಿಕೊಂಡ ಮೊಳೆಯಿರುವ ಪಿಂಟಲ್ ನಾಜಲ್. ಗಾಳಿ ಮತ್ತು ಡೀಸೆಲನ್ನು ಬೆರೆಸುವ ಕೆಲಸದ ದೊಡ್ಡ ಪಾಲನ್ನು ಆ ಸುಳಿಗಾಳಿಯೇ ಮಾಡುತ್ತದೆ. ಆದ್ದರಿಂದ ಇಂಥ ಎಂಜಿನ್ನಿಗೆ ‘ದೊಡ್ಡ ತೂತಿನ ನಾಜಲ್’ ಎಂಬ ಮಾತಿಗೆ ಹೆಚ್ಚು ಅರ್ಥವಿಲ್ಲ.

2000ದ ದಶಕದ ಆರಂಭದಲ್ಲಿ ನಮ್ಮಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾದ 1.9 ಲೀಟರ್ ಡೀಸೆಲ್ ಎಂಜಿನ್ ಬೇರೆ ಬಗೆಯದು. ಅದು ನೇರ ಸಿಂಪಡಿಕೆಯದು, ಟರ್ಬೊ ಕೂಡ ಇದೆ. ನಾಜಲ್‌ನಲ್ಲಿ ಐದು ಸೂಕ್ಷ್ಮ ರಂಧ್ರಗಳು. ಪ್ರಪಂಚದ ಹಲವೆಡೆ ಉತ್ಸಾಹಿಗಳು ದೊಡ್ಡ ರಂಧ್ರದ ನಾಜಲ್ ಹಾಕುವುದು ಮುಖ್ಯವಾಗಿ ಇಂಥ ಎಂಜಿನ್ನಿಗೆ. ಅಲ್ಲಿ ಸಿಕ್ಕ ಅನುಭವವನ್ನು ಕ್ವಾಲಿಸ್‌ಗೂ ಇಂಡಿಕಾಗೂ ಅನ್ವಯಿಸುವುದು ನಮ್ಮ ಸಲಹೆಗಾರರ ಮೊದಲ ತಪ್ಪು.

ರಂಧ್ರ ದೊಡ್ಡದಾದಾಗ ಆಗುವುದೇನು?

ನೇರ ಸಿಂಪಡಿಕೆಯ ಎಂಜಿನ್ನನ್ನೇ ತೆಗೆದುಕೊಳ್ಳೋಣ. 0.184 ಮಿಮೀ ವ್ಯಾಸದ ರಂಧ್ರಗಳ ಬದಲಿಗೆ 0.205 ಮಿಮೀ ವ್ಯಾಸದವನ್ನು ಹಾಕಿದೆವು ಎನ್ನಿ. ವ್ಯತ್ಯಾಸ 21 ಮೈಕ್ರಾನ್, ಕೂದಲಿನ ದಪ್ಪದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿದೆಯಲ್ಲವೆ? ಲೆಕ್ಕ ಮಾಡಿದರೆ ವಿಸ್ತೀರ್ಣ ಶೇ. 24ರಷ್ಟು ಹೆಚ್ಚಾಗುತ್ತದೆ. ‘ಹಾಗಾದರೆ ಶೇ. 24ರಷ್ಟು ಹೆಚ್ಚು ಡೀಸೆಲ್, ಅಷ್ಟೇ ಹೆಚ್ಚು ಶಕ್ತಿ’ ಎಂಬ ತೀರ್ಮಾನಕ್ಕೆ ಬಹಳ ಜನ ಬರುವುದು ಇಲ್ಲೇ.

ಈ ತೀರ್ಮಾನ ತಪ್ಪು. ಹಳೆಯ ಎಂಜಿನ್ನುಗಳಲ್ಲಿ ಡೀಸೆಲಿನ ಪ್ರಮಾಣವನ್ನು ಅಳೆಯುವುದು ಪಂಪ್, ನಾಜಲ್ ಅಲ್ಲ. ಪಂಪಿನ ಪಿಸ್ಟನ್ ಒಂದು ಹೊಡೆತಕ್ಕೆ ಇಷ್ಟು ಘನ ಮಿಮೀ ಎಂದು ನೂಕುತ್ತದೆ. ಅಷ್ಟು ನಾಜಲ್‌ನಿಂದ ಹೊರಬರಲೇಬೇಕು. ಸೇರಿನಿಂದ ಅಳೆದ ಅಕ್ಕಿಯನ್ನು ಸಣ್ಣ ಬಾಯಿಯ ಚೀಲದಿಂದ ಸುರಿದರೂ ದೊಡ್ಡ ಬಾಯಿಯ ಚೀಲದಿಂದ ಸುರಿದರೂ ಒಂದೇ ಸೇರು ತಾನೆ?

ಬದಲಾಗುವುದು ಒತ್ತಡ. ಬರ್ನೌಲಿ ಸೂತ್ರದಂತೆ ದ್ರವದ ವೇಗ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 200 ಬಾರ್ ಒತ್ತಡದಲ್ಲಿ ಡೀಸೆಲ್ ಸೆಕೆಂಡಿಗೆ ಸುಮಾರು 220 ಮೀಟರ್ ವೇಗದಲ್ಲಿ ಚಿಮ್ಮಬಲ್ಲದು. ಪಂಪ್ ಅದೇ ದರದಲ್ಲಿ ನೂಕುತ್ತಿದ್ದು ರಂಧ್ರದ ವಿಸ್ತೀರ್ಣ ಮಾತ್ರ 1.24 ಪಟ್ಟಾದರೆ ವೇಗ 0.81 ಪಟ್ಟಿಗೆ ಇಳಿಯುತ್ತದೆ. ಒತ್ತಡ ಅದರ ವರ್ಗ, ಅಂದರೆ 0.65 ಪಟ್ಟಿಗೆ ಇಳಿಯುತ್ತದೆ. ಇದು ಸರಳಗೊಳಿಸಿದ ಲೆಕ್ಕ. ಕೊಳವೆಯ ಹಿಗ್ಗುವಿಕೆ, ಡೀಸೆಲಿನ ಸಂಪೀಡ್ಯತೆಗಳಿಂದಾಗಿ ವಾಸ್ತವದಲ್ಲಿ ಒತ್ತಡ ಇಷ್ಟು ಇಳಿಯದು, ಸಿಂಪಡಿಕೆ ಸ್ವಲ್ಪ ಬೇಗ ಮುಗಿಯುತ್ತದೆ. ಆದರೂ ದಿಕ್ಕು ಸ್ಪಷ್ಟ: ರಂಧ್ರ ದೊಡ್ಡದಾದಷ್ಟೂ ಒತ್ತಡ ಕಡಿಮೆ, ಹನಿ ದಪ್ಪ, ಒಟ್ಟು ಮೇಲ್ಮೈ ಕಡಿಮೆ.

ಇದರಲ್ಲಿ ಲಾಭವೇ ಇಲ್ಲವೆ? ಇದೆ, ಷರತ್ತಿನ ಮೇಲೆ. ಪೂರ್ತಿ ಭಾರದಲ್ಲಿ, ಹೆಚ್ಚು ವೇಗದಲ್ಲಿ, ಪಂಪಿನಿಂದಲೂ ಹೆಚ್ಚು ಡೀಸೆಲ್ ಬರುವಂತೆ ಮಾಡಿದಾಗ ಸಣ್ಣ ರಂಧ್ರದ ಮೂಲಕ ಸಿಂಪಡಿಕೆ ತೀರಾ ತಡವಾಗಿ ಮುಗಿಯುತ್ತದೆ. ತಡವಾಗಿ ಉರಿದ ಡೀಸೆಲ್ ಪಿಸ್ಟನ್ನನ್ನು ತಳ್ಳುವುದು ಕಡಿಮೆ, ಹೊಗೆಕೊಳವೆಯನ್ನು ಕಾಯಿಸುವುದು ಹೆಚ್ಚು. ಅಂಥ ಸಂದರ್ಭದಲ್ಲಿ ದೊಡ್ಡ ರಂಧ್ರ ಸಿಂಪಡಿಕೆಯನ್ನು ಸಕಾಲದಲ್ಲಿ ಮುಗಿಸಿ ಶಕ್ತಿ ಹೆಚ್ಚಿಸಬಲ್ಲದು. ಆದರೆ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಮೊದಲ, ಎರಡನೇ ಗೇರಿನಲ್ಲಿ ತೆವಳುವ ಕಾರು ಪೂರ್ತಿ ಭಾರದಲ್ಲಿ ದುಡಿಯುವುದು ಅಪರೂಪ. ಅದು ದಿನದ ಬಹುಪಾಲು ಕಾಲ ಇರುವ ಕಡಿಮೆ ಭಾರದ ಸ್ಥಿತಿಯಲ್ಲಿ ದೊಡ್ಡ ರಂಧ್ರ ಕೊಡುವುದು ಒರಟು ತುಂತುರನ್ನೇ. ‘ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ’ ಎಂಬ ವಾಕ್ಯದ ಎರಡನೆಯ ಅರ್ಧ ಹೀಗೆ ಕುಸಿಯುತ್ತದೆ.

ಗಾಳಿಯನ್ನು ಮರೆಯಬೇಡಿ

ಇನ್ನು ಮೊದಲ ಅರ್ಧ. ಡೀಸೆಲ್ ಹೆಚ್ಚಿಸಿದರೆ ಶಕ್ತಿ ಹೆಚ್ಚುವುದು ಅದನ್ನು ಉರಿಸಲು ಗಾಳಿ ಇದ್ದರೆ ಮಾತ್ರ. ಕ್ವಾಲಿಸ್ ಎಂಜಿನ್ನಿನ ಗಾತ್ರ 2446 ಘನ ಸೆಂಮೀ, ಅದಕ್ಕೆ ಟರ್ಬೊ ಇಲ್ಲ. ಒಂದು ಸಿಲಿಂಡರಿನ ಪಾಲು 611 ಘನ ಸೆಂಮೀ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ವಾಯುಭಾರ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. 27 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.06 ಗ್ರಾಂ. ಸಿಲಿಂಡರ್ ಶೇ. 85ರಷ್ಟು ತುಂಬಿಕೊಳ್ಳುತ್ತದೆ ಎಂದರೆ ಒಮ್ಮೆಗೆ ಸಿಗುವ ಗಾಳಿ ಸುಮಾರು 0.55 ಗ್ರಾಂ.

ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಬೇಕು. ಆದರೆ ಸೆಕೆಂಡಿನ ನೂರಾರನೇ ಒಂದು ಭಾಗದಲ್ಲಿ ಎಲ್ಲವೂ ಸಮನಾಗಿ ಬೆರೆಯಲು ಸಾಧ್ಯವಿಲ್ಲ. ಕಪ್ಪು ಹೊಗೆ ಬರಬಾರದೆಂದರೆ 18 ಗ್ರಾಂನಷ್ಟಾದರೂ ಇರಬೇಕು. ಆಗ ಒಮ್ಮೆಗೆ ಸಿಂಪಡಿಸಬಹುದಾದ ಡೀಸೆಲ್ ಸುಮಾರು 30 ಮಿಲಿಗ್ರಾಂ, ಅಂದರೆ 37 ಘನ ಮಿಮೀ. ಇಂಥ ಎಂಜಿನ್ ಪೂರ್ತಿ ಭಾರದಲ್ಲಿ ಬಳಸುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಅಂದರೆ ತಯಾರಕರು ಗಾಳಿಯ ಮಿತಿಯವರೆಗೆ ಮೊದಲೇ ತಲುಪಿದ್ದಾರೆ. ಅದರಾಚೆ ಪಂಪಿನ ತಿರುಪು ತಿರುಗಿಸಿ ಕೊಟ್ಟ ಡೀಸೆಲಿನ ಬಹುಭಾಗ ಶಕ್ತಿಯಾಗದೆ ಮಸಿಯಾಗುತ್ತದೆ. ಟರ್ಬೊ ಇರುವ ಎಂಜಿನ್ನಿಗೆ ಸ್ವಲ್ಪ ಹೆಚ್ಚು ಅವಕಾಶವಿದೆ, ಆದರೆ ಅಲ್ಲಿಯೂ ಮಿತಿ ಹಾಕುವುದು ಗಾಳಿಯೇ.

ಸುಧಾರಣೆ ಕಂಡವರು ಸುಳ್ಳು ಹೇಳುತ್ತಾರೆಯೆ?

‘ಇಷ್ಟೆಲ್ಲ ಲೆಕ್ಕ ಸರಿ, ಆದರೆ ನಾಜಲ್ ಬದಲಾಯಿಸಿದ ಮೇಲೆ ನನ್ನ ಕಾರು ನಿಜವಾಗಿಯೂ ಚೆನ್ನಾಗಿ ಓಡುತ್ತಿದೆ’ ಎಂದು ನೀವು ಹೇಳಬಹುದು. ನಿಮ್ಮ ಅನುಭವ ಸುಳ್ಳಲ್ಲ. ಅದಕ್ಕೆ ಕೊಟ್ಟ ಕಾರಣ ತಪ್ಪು.

ಲಕ್ಷಾಂತರ ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ ನಾಜಲ್ ಸವೆದಿರುತ್ತದೆ. ಸ್ಪ್ರಿಂಗ್ ದುರ್ಬಲವಾಗಿ ಸೂಜಿ ಕಡಿಮೆ ಒತ್ತಡಕ್ಕೇ ಏಳುತ್ತದೆ. ಸೂಜಿ ಸರಿಯಾಗಿ ಕೂರದೆ ತುದಿಯಿಂದ ಡೀಸೆಲ್ ತೊಟ್ಟಿಕ್ಕುತ್ತದೆ. ರಂಧ್ರಗಳ ಬಾಯಲ್ಲಿ ಇಂಗಾಲ ಕಟ್ಟಿರುತ್ತದೆ. ಅದನ್ನು ತೆಗೆದು ಹೊಸ ನಾಜಲ್ ಹಾಕಿ, ಒತ್ತಡವನ್ನು ಸರಿಯಾದ ಮಟ್ಟಕ್ಕೆ ಹೊಂದಿಸಿದರೆ ಎಂಜಿನ್ ಸುಧಾರಿಸುವುದು ಸಹಜ. ಅದು ಹೊಸತಾದದ್ದರ ಗುಣ, ದೊಡ್ಡದಾದದ್ದರ ಗುಣವಲ್ಲ.

ಈ ರೂಢಿಯ ಮೇಲೆ ನನ್ನ ಮುಖ್ಯ ಆಕ್ಷೇಪಣೆ ಇದೇ. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದ್ದೇವೆ: ಸವೆದದ್ದು ಹೋಗಿ ಹೊಸದು ಬಂತು, ಸಣ್ಣದು ಹೋಗಿ ದೊಡ್ಡದು ಬಂತು. ಫಲವನ್ನು ಮಾತ್ರ ಎರಡನೆಯದರ ಖಾತೆಗೆ ಬರೆದೆವು. ನಿಯಂತ್ರಿತ ಪ್ರಯೋಗದಲ್ಲಿ ಒಮ್ಮೆಗೆ ಒಂದೇ ಚರಾಂಶವನ್ನು ಬದಲಿಸಬೇಕೆಂದು ನಾವು ಏಳನೇ ತರಗತಿಯಲ್ಲೇ ಬೀಜ ಮೊಳೆಯುವ ಪ್ರಯೋಗದಲ್ಲಿ ಕಲಿಸುತ್ತೇವೆ. ಆ ಪಾಠವನ್ನು ಕಾರಿನ ಬಾನೆಟ್ ತೆರೆದಾಗ ಮರೆಯುತ್ತೇವೆ. ಹೊಸದಾದ, ಮೂಲ ಅಳತೆಯ ನಾಜಲ್‌ಗೂ ಹೊಸದಾದ ದೊಡ್ಡ ನಾಜಲ್‌ಗೂ ಹೋಲಿಕೆ ಮಾಡಿದ್ದರೆ ಮಾತ್ರ ಆ ಸಲಹೆಗೆ ಆಧಾರ ಇರುತ್ತಿತ್ತು.

ಡೀಸೆಲ್ ಪಂಪ್ ದುರಸ್ತಿಯಲ್ಲಿ ಪಳಗಿದ ಮೆಕ್ಯಾನಿಕ್ ಇದನ್ನು ಬಲ್ಲವರೇ. ಕೈಪಂಪಿಗೆ ಇಂಜೆಕ್ಟರ್ ಜೋಡಿಸಿ ಒತ್ತಿ, ಮೀಟರಿನ ಮುಳ್ಳು ಯಾವ ಅಂಕಿಯಲ್ಲಿ ಬೀಳುತ್ತದೆ, ತುಂತುರು ನುಣ್ಣಗಿದೆಯೆ, ಬಾಯಿ ಒಣಗಿ ನಿಲ್ಲುತ್ತದೆಯೆ, ಸೂಜಿ ಕಿರುಗುಟ್ಟುವ ಸದ್ದು ಬರುತ್ತದೆಯೆ ಎಂದು ಅವರು ನೋಡುತ್ತಾರೆ. ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಸ್ಪ್ರಿಂಗಿನಡಿ ಸೇರಿಸಿ ನಾಲ್ಕೂ ಇಂಜೆಕ್ಟರುಗಳ ಒತ್ತಡವನ್ನು ಸಮ ಮಾಡುತ್ತಾರೆ. ಇದು ಅಪ್ಪಟ ಮಾಪನ ವಿಜ್ಞಾನ. ದೊಡ್ಡ ನಾಜಲ್ ಮಾರುವುದಕ್ಕಿಂತ ಈ ತಾಳ್ಮೆಯ ಕೆಲಸಕ್ಕೆ ಹೆಚ್ಚು ಗೌರವ, ಹೆಚ್ಚು ಕೂಲಿ ಸಲ್ಲಬೇಕು.

ಹೊಗೆ ಯಾರ ಪಾಲಿಗೆ?

ಕಾರು ನನ್ನದು, ಡೀಸೆಲ್ ನನ್ನದು, ನಷ್ಟವೂ ನನ್ನದೇ ಎನ್ನುವಂತಿಲ್ಲ. ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ಶಾಲೆಯ ಬಾಗಿಲಲ್ಲಿ ನಿಂತು ನೋಡಿ. ಹೊಗೆಕೊಳವೆಯ ಬಾಯಿ ದೊಡ್ಡವರ ಮುಖಕ್ಕಿಂತ ಒಂದನೇ ತರಗತಿಯ ಮಗುವಿನ ಮುಖಕ್ಕೇ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2000ದ ಆಸುಪಾಸಿನ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕ ಇಲ್ಲ. ನಾಜಲ್ ಬಿಟ್ಟ ಒರಟು ಹನಿಯಿಂದ ಹುಟ್ಟಿದ ಮಸಿಗೆ ಶ್ವಾಸಕೋಶದವರೆಗೆ ಅಡ್ಡಿಯೇ ಇಲ್ಲ.

‘ನನ್ನ ಬಳಿ ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ?’ ಎಂಬ ಉತ್ತರ ಸಿದ್ಧವಿರುತ್ತದೆ. ಆ ಪರೀಕ್ಷೆಯನ್ನೂ ವಿಮರ್ಶೆಗೆ ಒಳಪಡಿಸೋಣ. ಹಳೆಯ ಡೀಸೆಲ್ ವಾಹನಗಳಿಗೆ ಇರುವ ಮಿತಿ 65 ಹಾರ್ಟ್‌ರಿಜ್ ಮಾನಗಳು, ಭಾರತ್ ಸ್ಟೇಜ್ 4ರ ವಾಹನಗಳಿಗೆ 50. ಗೇರಿಗೆ ಹಾಕದೆ, ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹೊಗೆಯ ಅಪಾರದರ್ಶಕತೆಯನ್ನು ಅಳೆಯುತ್ತಾರೆ. ನಾಲ್ಕು ಜನರನ್ನು ಹೊತ್ತು ಏರು ಹತ್ತುವಾಗಿನ ಹೊಗೆ ಅಲ್ಲಿ ಕಾಣದು. ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳೂ ನೈಟ್ರೋಜನ್ ಆಕ್ಸೈಡುಗಳೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪ್ರಮಾಣಪತ್ರ ಇರುವುದು ಅಗತ್ಯ, ಆದರೆ ಅಷ್ಟೇ ಸಾಲದು.

ನೀವೇ ಪರೀಕ್ಷಿಸಿ

ಅಧ್ಯಾಪಕ ಮಿತ್ರರು ಇದನ್ನು ಒಂದು ಒಳ್ಳೆಯ ಯೋಜನಾ ಕಾರ್ಯವಾಗಿ ಮಾಡಿಸಬಹುದು. ನಾಜಲ್ ಬದಲಾವಣೆ ಹೇಗೂ ಆಗಬೇಕಿರುವ ಕಾರೊಂದನ್ನು ಆರಿಸಿಕೊಳ್ಳಿ. ಹಳೆಯ ನಾಜಲ್‌ನೊಡನೆ ಒಂದೇ ದಾರಿಯಲ್ಲಿ, ಉದಾಹರಣೆಗೆ ಬನಶಂಕರಿಯಿಂದ ಕನಕಪುರಕ್ಕೆ ಹೋಗಿ ಬಂದು, ಟ್ಯಾಂಕ್ ತುಂಬಿಸಿ ತುಂಬಿಸಿ ಐದು ಬಾರಿ ಮೈಲೇಜ್ ಅಳೆಯಿರಿ. ಟೈರಿನ ಒತ್ತಡ, ಪ್ರಯಾಣಿಕರ ಸಂಖ್ಯೆ, ಹೊರಡುವ ಹೊತ್ತು ಒಂದೇ ಇರಲಿ. ಗಾಳಿಯ ಶೋಧಕವನ್ನು ಪ್ರಯೋಗದ ನಡುವೆ ಬದಲಿಸಬೇಡಿ. ಆಮೇಲೆ ಮೂಲ ಅಳತೆಯ ಹೊಸ ನಾಜಲ್ ಹಾಕಿ ಮತ್ತೆ ಐದು ಬಾರಿ ಅಳೆಯಿರಿ. ಸರಾಸರಿಯ ಜೊತೆಗೆ ಐದು ಅಳತೆಗಳು ಪರಸ್ಪರ ಎಷ್ಟು ದೂರ ಇವೆ ಎಂಬುದನ್ನೂ ಬರೆಯಿರಿ. ಒಂದೇ ನಾಜಲ್‌ನ ಅಳತೆಗಳಲ್ಲೇ ಲೀಟರಿಗೆ ಒಂದು ಕಿಮೀ ಏರುಪೇರು ಇದ್ದರೆ, ಅರ್ಧ ಕಿಮೀ ಲಾಭವನ್ನು ಲಾಭವೆಂದು ಕರೆಯಬಹುದೆ? ಈ ಒಂದು ಪ್ರಶ್ನೆ ವಿದ್ಯಾರ್ಥಿಗಳಿಗೆ ಇಡೀ ಅಧ್ಯಾಯದಷ್ಟು ಕಲಿಸುತ್ತದೆ.

ಒಂದು ಎಚ್ಚರಿಕೆ. ಇಂಜೆಕ್ಟರ್ ಪರೀಕ್ಷೆಯನ್ನು ಪರಿಣತರೇ ಮಾಡಲಿ, ಮಕ್ಕಳು ದೂರದಿಂದ ನೋಡಲಿ. ತುಂತುರಿಗೆ ಎಂದಿಗೂ ಕೈ ಒಡ್ಡಬಾರದು. ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ.

ಇನ್ನೊಂದು ಮಾತು. ಕಾಮನ್ ರೈಲ್ ಬಗೆಯ ಹೊಸ ಎಂಜಿನ್ನುಗಳಿಗೆ ಮೇಲಿನ ಸೇರಿನ ಹೋಲಿಕೆ ಹೊಂದುವುದಿಲ್ಲ. ಅಲ್ಲಿ ಒತ್ತಡ ಸದಾ ಸಿದ್ಧವಿರುತ್ತದೆ, ನಾಜಲ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಗಣಕ ನಿರ್ಧರಿಸುತ್ತದೆ. ರಂಧ್ರ ದೊಡ್ಡದಾದರೆ ಅಲ್ಲಿ ಡೀಸೆಲ್ ನಿಜಕ್ಕೂ ಹೆಚ್ಚು ಸುರಿಯುತ್ತದೆ, ಗಣಕದ ಲೆಕ್ಕವೆಲ್ಲ ತಪ್ಪುತ್ತದೆ. ಅವುಗಳನ್ನು ಮುಟ್ಟದಿರುವುದೇ ಲೇಸು.

ಕೊನೆಗೆ ತೀರ್ಪು ಏನು? ನಾಜಲ್ ಬದಲಿಸಿ ಎಂಬ ಸಲಹೆ ಸರಿ, ದೊಡ್ಡದು ಹಾಕಿಸಿ ಎಂಬ ಸೇರ್ಪಡೆ ಬಹುಪಾಲು ಹಳೆಯ ಕಾರುಗಳಿಗೆ ತಪ್ಪು. ಸವೆದಿದ್ದರೆ ಮೂಲ ಅಳತೆಯದನ್ನೇ ಹಾಕಿಸಿ, ನಾಲ್ಕರ ಒತ್ತಡವನ್ನೂ ಸಮ ಮಾಡಿಸಿ, ಗಾಳಿಯ ಶೋಧಕವನ್ನು ಚೊಕ್ಕಟವಾಗಿಡಿ. ಮುಂದಿನ ಬಾರಿ ಯಾರಾದರೂ ದೊಡ್ಡ ತೂತಿನ ಗುಣಗಾನ ಮಾಡಿದಾಗ ಒಂದು ಪ್ರಶ್ನೆ ಕೇಳಿ: ‘ಯಾವುದರ ಜೊತೆ ಹೋಲಿಸಿ ಹೇಳುತ್ತಿದ್ದೀರಿ?’